ಪಹಣಿ ಕೌಂಟರಿಗೆ ಬಂದ ಬಗೆ

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಈರುಳ್ಳಿ ಬೆಳೆಗಾರನಿಗೆ ಸೊಸೈಟಿ ಸಾಲ ಬೇಕೆಂದರೆ ಜಮೀನಿನ ದಾಖಲೆಯಾದ ಪಹಣಿ ಬೇಕು. 2000ಕ್ಕೂ ಮೊದಲು ಅದು ಗ್ರಾಮ ಲೆಕ್ಕಿಗರ ಕೈಬರಹದಲ್ಲೇ ಸಿಗಬೇಕಿತ್ತು. ಅವರು ಊರಲ್ಲಿಲ್ಲದಿದ್ದರೆ ಕಾಯಬೇಕಿತ್ತು. ಹಲವೆಡೆ ಅವರ ಕೈ ಬಿಸಿಯನ್ನೂ ಮಾಡಬೇಕಿತ್ತು.

ಹಿಂದೆ ಊರಿನ ಲೆಕ್ಕಪತ್ರ ನೋಡುತ್ತಿದ್ದ ವಂಶಪಾರಂಪರ್ಯದ ಶಾನುಭೋಗಿಕೆ 1960ರ ದಶಕದಲ್ಲೇ ಹೋಗಿತ್ತು. ದಫ್ತರ ಮಾತ್ರ ಗ್ರಾಮ ಲೆಕ್ಕಿಗರೊಬ್ಬರ ಕಂಕುಳಲ್ಲೇ ಉಳಿದಿತ್ತು.

ಆ ರೂಢಿಯನ್ನು ಮುರಿದದ್ದು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ, ಪಹಣಿಗಳನ್ನು ಕಂಪ್ಯೂಟರಿಗೆ ತರುವ ‘ಭೂಮಿ’ ಯೋಜನೆ. ಅದೂ ಒಂದೇ ಏಟಿಗಲ್ಲ, ಹಂತ ಹಂತವಾಗಿ. ಮೊದಲು ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗ. ಆಮೇಲೆ ಬೆರಳೆಣಿಕೆಯ ತಾಲ್ಲೂಕುಗಳು, ನಂತರ ಜಿಲ್ಲೆಗೊಂದು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳು. ಕಡೂರು, ತರೀಕೆರೆ ಅವುಗಳಲ್ಲಿದ್ದವು. ಅಜ್ಜಂಪುರ ಆಗಿನ್ನೂ ತರೀಕೆರೆಯ ಹೋಬಳಿ.

ಜಾಣತನ ಇದ್ದದ್ದು ಕೆಲಸದ ಕ್ರಮದಲ್ಲಿ. ಹಳೆಯ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಗ್ರಾಮ ಲೆಕ್ಕಿಗರನ್ನು ದೂರ ಇಡಲಿಲ್ಲ. ತಾಳೆ ನೋಡಿ, ತಪ್ಪು ತಿದ್ದಿಸುವ ಹೊಣೆ ಅವರಿಗೇ ಬಂತು. ಅದು ಮುಗಿದ ತಾಲ್ಲೂಕಿನಲ್ಲಿ ಮಾತ್ರ ಕೈಬರಹದ ಪಹಣಿ ರದ್ದು. ಅಲ್ಲಿಂದ ಮುಂದೆ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಆಗಿನ ದರ 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಬರುತ್ತಿತ್ತು. ರೈತನೂ ಓದಿಕೊಳ್ಳಲೆಂದು ಅವನ ಕಡೆಗೆ ಇನ್ನೊಂದು ಪರದೆ. ಸಿಬ್ಬಂದಿ ಬೆರಳಚ್ಚು ಒತ್ತಿಯೇ ಕೆಲಸ ಶುರು ಮಾಡಬೇಕಿತ್ತು. ಖಾತೆ ಬದಲಾವಣೆಗೆ ಮೊದಲು ಅರ್ಜಿ ಕೊಟ್ಟವರಿಗೇ ಮೊದಲ ಸರದಿ.

ಎಲ್ಲವೂ ಸರಿಹೋಗಲಿಲ್ಲ. ಸರ್ವೆ, ಪೋಡಿಗೆ (ಜಮೀನಿನ ಪಾಲು ಬೇರ್ಪಡಿಸುವುದಕ್ಕೆ) ಅಲೆದಾಟ ಮುಂದುವರಿಯಿತು.

ನಿಮ್ಮ ಕಚೇರಿಯ ರೂಢಿ ಬದಲಿಸಬೇಕೇ? ‘ಭೂಮಿ’ಯ ಹಾಗೆ ಮೊದಲು ಒಂದೇ ವಿಭಾಗ ಆರಿಸಿ. ಅಲ್ಲಿನ ಹಳಬರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಿ.