ಪ್ರಾಸ್ಟೇಟ್ ಕ್ಯಾನ್ಸರ್: ಎಲ್ಲ ಸ್ಕ್ಯಾನೂ ಎಲ್ಲರಿಗೂ ಬೇಕಿಲ್ಲ

ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಖಚಿತವಾದ ಮೇಲೆ, ಚಿಕಿತ್ಸೆಗೆ ಮೊದಲು ತಿಳಿಯಬೇಕಾದ ಮುಖ್ಯ ಸಂಗತಿ ಒಂದು: ರೋಗ ಗ್ರಂಥಿಯೊಳಗೇ ಇದೆಯೋ, ದುಗ್ಧರಸ ಗ್ರಂಥಿಗೋ ಮೂಳೆಗೋ ಹಬ್ಬಿದೆಯೋ. ಸ್ಕ್ಯಾನ್ ಬೇಕಾಗುವುದು ಇದಕ್ಕೆ. ಶಸ್ತ್ರಚಿಕಿತ್ಸೆಯೋ, ವಿಕಿರಣವೋ, ಹಾರ್ಮೋನ್ ಔಷಧಿಯೋ ಎಂಬುದು ಆ ಉತ್ತರದ ಮೇಲೆ ನಿಲ್ಲುತ್ತದೆ.

ಕ್ಯಾನ್ಸರ್ ಎಂದ ಮೇಲೆ ಮೈಯೆಲ್ಲ ಸ್ಕ್ಯಾನ್ ಮಾಡಿಸಲೇಬೇಕು ಎಂಬುದು ಸಾಮಾನ್ಯ ನಂಬಿಕೆ. ವಾಸ್ತವ ಹಾಗಿಲ್ಲ. ರಕ್ತಪರೀಕ್ಷೆಯಲ್ಲಿ ಪಿಎಸ್‌ಎ 10ಕ್ಕಿಂತ ಕಡಿಮೆ, ಬಯಾಪ್ಸಿ ವರದಿಯಲ್ಲಿ ಗ್ಲೀಸನ್ ಅಂಕ 3+3, ಬೆರಳಿಟ್ಟು ನೋಡಿದಾಗ ಗಂಟು ಇಲ್ಲ ಅಥವಾ ತೀರ ಚಿಕ್ಕದು ಎಂದಾದರೆ ಅದು ಕಡಿಮೆ ಅಪಾಯದ ರೋಗ. ಅದು ಮೂಳೆಗೆ ಹೋಗಿರುವ ಸಾಧ್ಯತೆ ಬಹಳ ಕಡಿಮೆಯಾದ್ದರಿಂದ ಬೋನ್ ಸ್ಕ್ಯಾನ್ ಆಗಲಿ, ಹೊಟ್ಟೆಯ ಸಿಟಿ ಆಗಲಿ ಬೇಡವೆಂದೇ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಪಿಎಸ್‌ಎ 20 ದಾಟಿದ್ದರೆ ಅಥವಾ ಗ್ಲೀಸನ್ ಅಂಕಗಳ ಮೊತ್ತ 8ಕ್ಕೆ ಏರಿದ್ದರೆ ಲೆಕ್ಕ ಬೇರೆ. ಅಲ್ಲಿ ಹುಡುಕದೆ ಚಿಕಿತ್ಸೆ ಶುರುಮಾಡುವುದೇ ತಪ್ಪು. ಬೇಡದ ಸ್ಕ್ಯಾನಿಗೆ ಓಡಾಟದ ಬೆಲೆಯೂ ಇದೆ. ಬಳ್ಳಾರಿ ರಸ್ತೆಯ ಆವತಿಯಂಥ ಊರಿನವರು ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಬರಬೇಕೆಂದರೆ ಇಡೀ ಬೆಂಗಳೂರನ್ನು ದಾಟಬೇಕು. ಬೇಡದ ಒಂದು ಸ್ಕ್ಯಾನ್ ಎಂದರೆ ರೋಗಿಯ ಒಂದು ದಿನದ ಜೊತೆಗೆ, ಕರೆತಂದ ಮಗನ ಕೂಲಿಯೂ ಹೋದಂತೆ.

ಬೋನ್ ಸ್ಕ್ಯಾನಿನಲ್ಲಿ ಕಪ್ಪು ಚುಕ್ಕೆ ಕಂಡರೆ ಮೂಳೆಗೆ ಕ್ಯಾನ್ಸರ್ ಇಳಿದಿದೆ ಎಂದು ಹೆದರುವವರು ಬಹಳ. ಟೆಕ್ನೀಶಿಯಮ್ ಬೆರೆಸಿದ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿ, ಸುಮಾರು ಮೂರು ಗಂಟೆ ಕೂರಿಸಿ, ನೀರು ಕುಡಿಸಿ, ಮೂತ್ರ ಮಾಡಿಸಿ ಆಮೇಲೆ ಚಿತ್ರ ತೆಗೆಯುತ್ತಾರೆ. ಆ ಔಷಧಿ ಹಿಡಿಯುವುದು ಕ್ಯಾನ್ಸರನ್ನಲ್ಲ, ಹೊಸದಾಗಿ ಮೂಳೆ ಕಟ್ಟುತ್ತಿರುವ ಜಾಗವನ್ನು. ಹಿಂದೆ ಬಿದ್ದು ಮುರಿದ ಪಕ್ಕೆಲುಬು, ಸವೆದ ಮಂಡಿ, ಬೆನ್ನುಮೂಳೆಯ ಸಂಧಿವಾತ ಎಲ್ಲವೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಹಳೆಯ ಏಟುಗಳನ್ನು ವೈದ್ಯರಿಗೆ ಮೊದಲೇ ಹೇಳಿರುವುದು ಒಳ್ಳೆಯದು. ಇನ್ನು, ಎಕ್ಸ್‌ರೇ ಸರಿಯಿದ್ದರೆ ಮೂಳೆ ಸರಿಯಿದೆ ಎಂಬುದೂ ಭ್ರಮೆ; ಮೂಳೆಯೊಳಗಿನ ಆರಂಭದ ಬದಲಾವಣೆ ಎಕ್ಸ್‌ರೇಗೆ ಸಿಗುವುದಿಲ್ಲ. ಸಿಟಿಯೂ ದುಗ್ಧರಸ ಗ್ರಂಥಿಯ ಗಾತ್ರವನ್ನೇ ಮುಖ್ಯವಾಗಿ ನೋಡುತ್ತದೆ. ಗ್ರಂಥಿ ಊದಿಕೊಳ್ಳುವ ಮೊದಲೇ ಕ್ಯಾನ್ಸರ್ ಅದರೊಳಗೆ ಸೇರಿದ್ದರೆ ಕಣ್ತಪ್ಪುತ್ತದೆ.

ಎಂಆರ್‌ಐ ಕೆಲಸ ಬೇರೆ. ಗಡ್ಡೆ ಗ್ರಂಥಿಯ ಕವಚ ದಾಟಿದೆಯೇ, ವೀರ್ಯಕೋಶಕ್ಕೆ ತಗುಲಿದೆಯೇ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ, ವಿಕಿರಣವೂ ಇಲ್ಲ. ಹಾಗೆಂದು ಎಂಆರ್‌ಐ ಇದ್ದರೆ ಬಯಾಪ್ಸಿ ಬೇಡ ಎನ್ನಲಾಗದು. ಅದು ಅನುಮಾನಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತದೆಯೇ ಹೊರತು ಕ್ಯಾನ್ಸರೆಂದು ತೀರ್ಪು ಕೊಡುವುದಿಲ್ಲ. ಸೂಜಿ ಚುಚ್ಚಿದ ಮೇಲೆ ಗ್ರಂಥಿಯೊಳಗೆ ಉಳಿಯುವ ರಕ್ತ ಚಿತ್ರವನ್ನು ಕೆಡಿಸುವುದರಿಂದ, ಸಾಧ್ಯವಿದ್ದರೆ ಎಂಆರ್‌ಐ ಮೊದಲು, ಬಯಾಪ್ಸಿ ನಂತರ. ಕ್ರಮ ತಪ್ಪಿದ್ದರೆ ಕೆಲವು ವಾರ ಕಾಯುವುದು ವಾಡಿಕೆ.

ದೊಡ್ಡ ಗೊಂದಲವಿರುವುದು ಪೆಟ್ ಸ್ಕ್ಯಾನಿನಲ್ಲಿ. ಪೆಟ್ ಎಂದರೆ ಎಲ್ಲವೂ ಒಂದೇ ಎಂದುಕೊಂಡು ಸಾಧಾರಣ ಎಫ್‌ಡಿಜಿ ಪೆಟ್ ಮಾಡಿಸಿಕೊಂಡು ಬರುವುದುಂಟು. ಎಫ್‌ಡಿಜಿ ಸಕ್ಕರೆಯಂಥ ಪದಾರ್ಥ. ಬಹುಪಾಲು ಪ್ರಾಸ್ಟೇಟ್ ಕ್ಯಾನ್ಸರ್ ಮೊದಲ ಹಂತದಲ್ಲಿ ಸಕ್ಕರೆಯನ್ನು ಅಷ್ಟಾಗಿ ಹೀರುವುದಿಲ್ಲ. ಸಾಲದ್ದಕ್ಕೆ ಔಷಧಿ ಪಕ್ಕದ ಮೂತ್ರಕೋಶದಲ್ಲಿ ತುಂಬಿಕೊಂಡು ಚಿತ್ರವನ್ನು ಮರೆಮಾಡುತ್ತದೆ. ಇಲ್ಲಿ ಬೇಕಾದದ್ದು ಪಿಎಸ್‌ಎಂಎ ಪೆಟ್. ಕ್ಯಾನ್ಸರ್ ಜೀವಕೋಶದ ಮೇಲ್ಮೈಯ ಪಿಎಸ್‌ಎಂಎ (ಪ್ರಾಸ್ಟೇಟ್ ಸ್ಪೆಸಿಫಿಕ್ ಮೆಂಬ್ರೇನ್ ಆಂಟಿಜನ್) ಎಂಬ ಪ್ರೋಟೀನಿಗೆ ಅಂಟುವ ಈ ಔಷಧಿಗೆ ಗ್ಯಾಲಿಯಮ್-68 ಅಥವಾ ಫ್ಲೋರಿನ್-18 ಜೋಡಿಸಿರುತ್ತಾರೆ. ಗ್ಯಾಲಿಯಮ್ 68 ನಿಮಿಷಕ್ಕೆ ಅರ್ಧವಾಗುವುದರಿಂದ ಹೇಳಿದ ಹೊತ್ತಿಗೆ ಆಸ್ಪತ್ರೆಯಲ್ಲಿರಬೇಕು. ಹೆಬ್ಬಾಳದ ಟ್ರಾಫಿಕ್ಕಿಗೆ ಅದು ಕಾಯುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಹೆಚ್ಚಿನ ಅಪಾಯದ 302 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಿಎಸ್‌ಎಂಎ ಪೆಟ್‌ನ ನಿಖರತೆ ಶೇ 92, ಸಿಟಿ ಮತ್ತು ಬೋನ್ ಸ್ಕ್ಯಾನ್ ಸೇರಿದ್ದು ಶೇ 65. ವಿಕಿರಣವೂ ಅರ್ಧಕ್ಕಿಂತ ಕಡಿಮೆ. ಹೀಗಿದ್ದರೂ ಅದು ತಪ್ಪುವುದೇ ಇಲ್ಲ ಎಂದಲ್ಲ. ಕೆಲವು ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಆ ಪ್ರೋಟೀನೇ ಇರುವುದಿಲ್ಲ. ಹೆಸರಿನಲ್ಲಿ ಪ್ರಾಸ್ಟೇಟ್ ಇದ್ದರೂ ಜೊಲ್ಲುಗ್ರಂಥಿ, ಮೂತ್ರಪಿಂಡಗಳಲ್ಲೂ ಈ ಔಷಧಿ ಹೊಳೆಯುತ್ತದೆ. ಒಂದೇ ಪಕ್ಕೆಲುಬಿನಲ್ಲಿ ಮಸುಕು ಚುಕ್ಕೆ ಕಂಡು ಅದು ನಿರುಪದ್ರವಿಯಾಗಿರುವುದೂ ಅಪರೂಪವಲ್ಲ. ಅಂಥ ಒಂಟಿ ಚುಕ್ಕೆಯನ್ನೇ ನಂಬಿ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ ಎನ್ನುವ ಮೊದಲು ಸಿಟಿ, ಎಂಆರ್‌ಐ ಅಥವಾ ಅಗತ್ಯವಿದ್ದರೆ ಆ ಮೂಳೆಯದೇ ಬಯಾಪ್ಸಿಯಿಂದ ಖಚಿತಪಡಿಸಿಕೊಳ್ಳಬೇಕಾಗುತ್ತದೆ.