ಚಳಿಗಾಲದ ಕೊನೆಯ ಹಿಮ: ಸೇಬು ಬೆಳೆಗಾರನ ನಿರೀಕ್ಷೆ ಮತ್ತು ಹವಾ ಮುನ್ಸೂಚನೆ

ಫೆಬ್ರವರಿ ಕಳೆಯುತ್ತ ಬಂದಂತೆ ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರು ಹೂಮಳೆಗಾಗಿ ಮುಗಿಲು ನೋಡುವುದು ವಾಡಿಕೆ. ಅದೇ ದಿನಗಳಲ್ಲಿ ಹಿಮಾಚಲ ಪ್ರದೇಶ ಮತ್ತು ಕಾಶ್ಮೀರದ ಸೇಬು ಬೆಳೆಗಾರರೂ ಮುಗಿಲು ನೋಡುತ್ತಿರುತ್ತಾರೆ. ಆದರೆ ಅವರು ಎದುರು ನೋಡುವುದು ಹಿಮವನ್ನು. ಸ್ಯಾಮ್ಯುಯಲ್ ಸ್ಟೋಕ್ಸ್ ಎಂಬ ಅಮೆರಿಕದವರು (ಮುಂದೆ ಸತ್ಯಾನಂದ ಸ್ಟೋಕ್ಸ್ ಎಂದು ಹೆಸರಾದವರು) 1916ರಲ್ಲಿ ಶಿಮ್ಲಾ ಸೀಮೆಯ ಕೋಟಗಢದಲ್ಲಿ ಡೆಲಿಶಿಯಸ್ ತಳಿಯನ್ನು ನೆಟ್ಟ ಮೇಲೆ ಆ ಬೆಟ್ಟಗಳ ಬದುಕು ಬಹುಮಟ್ಟಿಗೆ ಈ ಹಣ್ಣಿಗೆ ಅಂಟಿಕೊಂಡಿದೆ. ಹಿಂದೆ ಅಲ್ಲಿನವರು ರೇಡಿಯೋ ವಾರ್ತೆಗೆ ಕಿವಿಗೊಟ್ಟು ಕುಳಿತಿರುತ್ತಿದ್ದರು. ಈಗ ಬೆಳೆಗಾರರೂ, ಹವಾಮಾನವನ್ನು ಹವ್ಯಾಸವಾಗಿ ಹಿಡಿದ ಯುವಕರೂ ಮೊಬೈಲಿನಲ್ಲಿ ಉಪಗ್ರಹದ ಚಿತ್ರ, ಗಣಕಯಂತ್ರದ ನಕ್ಷೆಗಳನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಾರೆ. ನೋಡಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದೇ ಮುಖ್ಯ.

ಮರಕ್ಕೆ ಬೇಕಾದದ್ದು ಚಳಿಯೋ, ಹಿಮವೋ?

ಸೇಬಿನ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ಈ ನಿದ್ರೆ ಮುಗಿಯಲು 7 ಡಿಗ್ರಿ ಸೆಂ.ಗಿಂತ ಕಡಿಮೆ ಉಷ್ಣತೆಯ ಇಂತಿಷ್ಟು ಗಂಟೆಗಳು ಬೇಕು. ಡೆಲಿಶಿಯಸ್ ತಳಿಗಳಿಗೆ ಇದು ಸಾವಿರ ಗಂಟೆಗೂ ಮೀರಿದ್ದು. ಕರ್ನಾಟಕದ ಬಯಲಿನಲ್ಲಿ ಈ ತಳಿ ಫಲ ಕೊಡದಿರುವುದಕ್ಕೆ ಇದೇ ಕಾರಣ. ಇಲ್ಲಿ ಕೆಲವರು ನೆಟ್ಟಿರುವ ಅನ್ನಾ, ಎಚ್‌ಆರ್‌ಎಂಎನ್-99 ಮುಂತಾದವು ಅಲ್ಪ ಚಳಿಗೇ ಫಲ ಕೊಡುವ ತಳಿಗಳು. ಸಾಕಷ್ಟು ಚಳಿ ಸಿಗದಿದ್ದರೆ ಮೊಗ್ಗುಗಳು ಒಟ್ಟಿಗೆ ಒಡೆಯುವುದಿಲ್ಲ, ಹೂ ಬಿಡುವ ಕಾಲ ಎಳೆದಾಡುತ್ತದೆ, ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ.

ಆದರೆ ಹಿಮ ಬಿದ್ದರಷ್ಟೇ ಚಳಿ ಲೆಕ್ಕಕ್ಕೆ ಬರುತ್ತದೆಂಬ ನಂಬಿಕೆ ಸರಿಯಲ್ಲ. ಮರದ ನಿದ್ರೆ ಮುರಿಯಲು ಹೆಚ್ಚು ಪರಿಣಾಮಕಾರಿಯಾದುದು ಸುಮಾರು 2ರಿಂದ 9 ಡಿಗ್ರಿಯ ತಂಪು. ನೀರು ಹೆಪ್ಪುಗಟ್ಟುವ ಉಷ್ಣತೆಯಲ್ಲಿ ಕಳೆದ ಗಂಟೆಗಳಿಂದ ದೊರೆಯುವ ಪ್ರಯೋಜನ ಅತ್ಯಲ್ಪ. ಹಿಮದ ನಿಜವಾದ ಕೊಡುಗೆ ನೀರು. ಹೊಸದಾಗಿ ಬಿದ್ದ 10 ಸೆಂ.ಮೀ. ಹಿಮ ಕರಗಿದರೆ ಸ್ಥೂಲವಾಗಿ 1 ಸೆಂ.ಮೀ. ನೀರಾಗುತ್ತದೆ. ಅಂದರೆ ಹೆಕ್ಟೇರಿಗೆ ಒಂದು ಲಕ್ಷ ಲೀಟರ್. ಇಳಿಜಾರಿನ ತೋಟದಲ್ಲಿ ಬಿರುಮಳೆಯ ನೀರು ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ. ಹಿಮದ ನೀರಾದರೋ ದಿನಗಟ್ಟಲೆ ನಿಧಾನವಾಗಿ ಬೇರಿಗೆ ಇಳಿಯುತ್ತದೆ. ಹೆಚ್ಚಿನ ತೋಟಗಳಿಗೆ ನೀರಾವರಿ ಇಲ್ಲದ ಆ ನಾಡಿನಲ್ಲಿ ಹಿಮವನ್ನು ‘ಬಿಳಿ ಗೊಬ್ಬರ’ವೆಂದು ಕರೆಯುವುದು ಸುಮ್ಮನೆ ಅಲ್ಲ. ಹಿಮದ ಹೊದಿಕೆ ನೆಲವನ್ನು ತಣ್ಣಗಿರಿಸಿ ಮರ ಅವಸರಪಟ್ಟು ಚಿಗುರದಂತೆಯೂ ನೋಡಿಕೊಳ್ಳುತ್ತದೆ.

ಕಾಶ್ಮೀರದವರು ಚಳಿಗಾಲವನ್ನು ಮೂರು ಭಾಗ ಮಾಡುತ್ತಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಯಿ ಕಲಾನ್, ಅನಂತರ ಇಪ್ಪತ್ತು ದಿನ ಚಿಲ್ಲಯಿ ಖುರ್ದ್, ಕೊನೆಯ ಹತ್ತು ದಿನ ಚಿಲ್ಲಯಿ ಬಚ್ಚ. ಮೊದಲ ನಲವತ್ತು ದಿನಗಳಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಬೇಸಿಗೆಯವರೆಗೂ ಬೆಟ್ಟದ ಮೇಲೆ ಉಳಿಯುತ್ತದೆ. ಕೊನೆಗೆ ಬಿದ್ದದ್ದು ಬೇಗ ಕರಗುತ್ತದೆ. ಆದರೂ ಮೊದಲ ಭಾಗ ಬರಿದಾಗಿ ಹೋದ ವರ್ಷ ಈ ಕೊನೆಯದೇ ಗತಿ. 2024ರ ಜನವರಿ ಹಾಗೆಯೇ ಒಣಗಿ ಹೋಯಿತು. ಗುಲ್ಮಾರ್ಗದ ಇಳಿಜಾರುಗಳಲ್ಲಿ ಕಂದು ಹುಲ್ಲು ಕಾಣುತ್ತಿತ್ತು. ತಿಂಗಳ ಕೊನೆಯ ದಿನಗಳಲ್ಲಿ ಹಿಮ ಬಿದ್ದ ಮೇಲೆಯೇ ಬೆಳೆಗಾರರು ನೆಮ್ಮದಿ ಕಂಡರು.

ಹಿಮ ಎಲ್ಲಿಂದ ಬರುತ್ತದೆ?

ಈ ಹಿಮಕ್ಕೂ ಮುಂಗಾರಿಗೂ ಸಂಬಂಧವಿಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಮೇಲುಗಾಳಿಯ ಪ್ರವಾಹದಲ್ಲಿ ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಬರುವ ವಾಯುಕ್ಷೋಭೆಗಳು ಇದನ್ನು ತರುತ್ತವೆ. ಹವಾಮಾನ ಇಲಾಖೆಯವರು ಇವನ್ನು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎನ್ನುತ್ತಾರೆ. ದಾರಿ ದೂರದ್ದಾದ್ದರಿಂದ ಕ್ಷೋಭೆ ಹಿಮಾಲಯ ಮುಟ್ಟುವ ಕೆಲವು ದಿನ ಮೊದಲೇ ಉಪಗ್ರಹದ ಚಿತ್ರದಲ್ಲಿ ಮೋಡದ ಪಟ್ಟಿ ಕಾಣುತ್ತದೆ. ಆದಕಾರಣ ಮೂರು-ನಾಲ್ಕು ದಿನದ ಮುನ್ಸೂಚನೆಯನ್ನು ಬಹುಮಟ್ಟಿಗೆ ನಂಬಬಹುದು.

ಹತ್ತು-ಹನ್ನೆರಡು ದಿನ ಮುಂದಿನ ಮಾತು ಬೇರೆ. ಇಂದಿನ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದು ದಿನದಿಂದ ದಿನಕ್ಕೆ ಬೆಳೆದು ಎರಡು ವಾರಗಳ ಹೊತ್ತಿಗೆ ಇಡೀ ಚಿತ್ರವನ್ನೇ ಕೆಡಿಸುತ್ತದೆ. ಇದಕ್ಕಾಗಿಯೇ ವಿಜ್ಞಾನಿಗಳು ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಒಂದೇ ಲೆಕ್ಕವನ್ನು ಹಲವು ಸಲ ಮಾಡುತ್ತಾರೆ. ಭಾರತದ ಹವಾಮಾನ ಇಲಾಖೆ 2018ರಲ್ಲಿ ಇಂತಹ 21 ಲೆಕ್ಕಗಳ ಪದ್ಧತಿಯನ್ನು ಆರಂಭಿಸಿತು. 21ರಲ್ಲಿ 18 ಲೆಕ್ಕಗಳು ಹಿಮ ತೋರಿಸಿದರೆ ಸಿದ್ಧತೆ ಮಾಡಿಕೊಳ್ಳಬಹುದು. ನಾಲ್ಕೈದು ಮಾತ್ರ ತೋರಿಸಿದರೆ ಕಾದು ನೋಡಬೇಕು. ಹವ್ಯಾಸಿಗಳು ಎಡವುವುದು ಇಲ್ಲಿಯೇ: ಎಲ್ಲಕ್ಕಿಂತ ಹೆಚ್ಚು ಹಿಮ ತೋರಿಸುವ ಒಂದೇ ಒಂದು ನಕ್ಷೆಯನ್ನು ಆರಿಸಿಕೊಂಡು ಊರಿಗೆಲ್ಲ ಹೇಳುತ್ತಾರೆ. ಆಸೆಯ ಕಣ್ಣಿಗೆ ಉಳಿದ ಇಪ್ಪತ್ತು ಕಾಣುವುದಿಲ್ಲ. ಇಲಾಖೆ ಪ್ರತಿ ಗುರುವಾರ ನೀಡುವ ನಾಲ್ಕು ವಾರಗಳ ಮುನ್ನೋಟವೂ ವಾರ ವಾಡಿಕೆಗಿಂತ ತೇವವೋ ಒಣವೋ ಎಂದಷ್ಟೇ ತಿಳಿಸುತ್ತದೆ. ಅದರಲ್ಲಿ ಹಿಮ ಬೀಳುವ ತಾರೀಖು ಹುಡುಕಬಾರದು.

ಒಂದು ಡಿಗ್ರಿಯ ಅಂತರ

ಕ್ಷೋಭೆ ಬರುವುದು ಖಚಿತವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಬೀಳುವುದು ಹಿಮವೋ, ಮಳೆಯೋ? ಬೆಟ್ಟ ಏರಿದಂತೆ ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಮುನ್ಸೂಚನೆಯ ಉಷ್ಣತೆಯಲ್ಲಿ ಒಂದು ಡಿಗ್ರಿ ತಪ್ಪಿದರೆ ಹಿಮ ಬೀಳುವ ಗಡಿ ಸುಮಾರು 150 ಮೀಟರ್ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಜನವರಿಯಲ್ಲಿ ಸುಲಭವಾಗಿ ಹಿಮ ಕಾಣುವ 1,800 ಮೀಟರ್ ಎತ್ತರದ ತೋಟಕ್ಕೆ ಫೆಬ್ರವರಿಯ ಕೊನೆಯಲ್ಲಿ ಈ ಒಂದು ಡಿಗ್ರಿಯೇ ನಿರ್ಣಾಯಕ. 2025ರ ಮೇ ತಿಂಗಳಲ್ಲಿ ಆರಂಭವಾದ ‘ಭಾರತ್’ ಮುನ್ಸೂಚನಾ ವ್ಯವಸ್ಥೆ ನೆಲವನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ. ಆದರೆ ಹಿಮಾಲಯದಲ್ಲಿ ಆರು ಕಿಲೋಮೀಟರಿನೊಳಗೆ ನದಿಯ ದಡವೂ ಇರಬಹುದು, ಸಾವಿರ ಮೀಟರ್ ಮೇಲಿನ ಏಣೂ ಇರಬಹುದು. ಆದ್ದರಿಂದ ಬೆಳೆಗಾರ ತನ್ನ ತೋಟದ ಎತ್ತರವನ್ನು ತಿಳಿದಿರಬೇಕು, ಸಾದಾ ಉಷ್ಣತಾಮಾಪಕವೊಂದನ್ನು ನೆರಳಿನಲ್ಲಿ ತೂಗುಹಾಕಿ ದಿನವೂ ಬರೆದಿಡಬೇಕು. ಜೋರಾಗಿ ಸುರಿಯತೊಡಗಿದರೆ ಕರಗುವ ಹಿಮವೇ ಗಾಳಿಯನ್ನು ತಂಪು ಮಾಡಿ, ಸಂಜೆಯ ಮಳೆ ರಾತ್ರಿ ಹಿಮವಾಗುವುದೂ ಉಂಟು.

ತಡವಾದ ಹಿಮದ ಅಪಾಯ

ಹಿಮ ಎಷ್ಟು ತಡವಾದರೂ ಒಳ್ಳೆಯದೇ ಎನ್ನುವಂತಿಲ್ಲ. ಮೊಗ್ಗಿನ ತುದಿಯಲ್ಲಿ ಹಸಿರು ಇಣುಕುವಾಗ ಅದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಹೂ ಪೂರ್ತಿ ಅರಳಿದಾಗ ಸೊನ್ನೆಗಿಂತ 2 ಡಿಗ್ರಿ ಕೆಳಗಿಳಿದರೇ ಹೂ ಸಾಯತೊಡಗುತ್ತದೆ, 4 ಡಿಗ್ರಿ ಇಳಿದರೆ ಬಹುಪಾಲು ಹೋಗುತ್ತದೆ. ಚಳಿಗಾಲ ಬೆಚ್ಚಗಿದ್ದು ಹೂ ಬೇಗ ಬಂದ ವರ್ಷ ಈ ಭಯ ಹೆಚ್ಚು. 2025ರಲ್ಲಿ ಹಿಮವಿಲ್ಲವೆಂದು ಫೆಬ್ರವರಿ 22ರ ಗುಲ್ಮಾರ್ಗ ಚಳಿಗಾಲದ ಕ್ರೀಡಾಕೂಟವನ್ನು ಮಾರ್ಚಿಗೆ ಮುಂದೂಡಲಾಯಿತು. ಅದೇ ತಿಂಗಳ ಕೊನೆಗೆ ಬಂದ ಭಾರೀ ಹಿಮದಲ್ಲಿ, ಫೆಬ್ರವರಿ 28ರಂದು, ಉತ್ತರಾಖಂಡದ ಮಾಣಾ ಬಳಿ ಹಿಮಕುಸಿತವಾಗಿ ಎಂಟು ಮಂದಿ ಕೂಲಿಗಾರರು ಸತ್ತರು.

ತೋಟದ ಕೆಲಸ

ಕೊಟ್ಟಿಗೆ ಗೊಬ್ಬರ ಹಾಕಿ ಪಾತಿ ಸರಿಪಡಿಸುವ ಕೆಲಸವನ್ನು ಹಿಮಕ್ಕೆ ಮುಂಚೆಯೇ ಮುಗಿಸಿರಬೇಕು. ನೆಲ ಒಣಗಿದ್ದಾಗ, ಬರಲಿರುವ ಹಿಮವನ್ನು ನೆಚ್ಚಿ ರಾಸಾಯನಿಕ ಗೊಬ್ಬರ ಹಾಕಬಾರದು. ತೇವ ಬಂದ ಮೇಲೆ ಹಾಕಿದರೆ ನಷ್ಟವಿಲ್ಲ. ಹೊಸ ಸಸಿ ನೆಡುವುದಕ್ಕೂ ಇದೇ ಮಾತು. ಒಂದೆರಡು ದಿನದಲ್ಲಿ ಹಿಮ ಅಥವಾ ಮಳೆ ಬರುವ ಸೂಚನೆಯಿದ್ದರೆ ಎಣ್ಣೆ ಸಿಂಪರಣೆಯನ್ನು ಮುಂದೂಡಬೇಕು. ಆಲಿಕಲ್ಲಿನ ಬಲೆ ಹರಡಿದ್ದರೆ ಸುತ್ತಿಡಬೇಕು, ಇಲ್ಲವಾದರೆ ಒದ್ದೆ ಹಿಮದ ಭಾರಕ್ಕೆ ಬಲೆಯೂ ಕಂಬವೂ ಮರದ ಮೇಲೆ ಬೀಳುತ್ತವೆ. ರೆಂಬೆಗಳ ಮೇಲೆ ಕೂತ ಹಿಮವನ್ನು ಗಟ್ಟಿಯಾಗುವ ಮೊದಲೇ, ತುದಿಗೆ ಗೋಣಿ ಸುತ್ತಿದ ಕೋಲಿನಿಂದ ಕೆಳಗಿನಿಂದ ಮೆಲ್ಲಗೆ ಅಲುಗಿಸಿ ಉದುರಿಸಬೇಕು. ಹಿಮ ಕರಗಿ ಪಾತಿ ತೇವವಾಗಿರುವಾಗಲೇ ಒಣಹುಲ್ಲನ್ನು ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡದಿಂದ ಒಂದು ಗೇಣು ಜಾಗ ಬಿಡಬೇಕು. ಹುಲ್ಲು ಕಾಂಡಕ್ಕೆ ತಾಗಿದರೆ ಇಲಿಗಳು ಅಡಗಿ ತೊಗಟೆ ಕಡಿಯುತ್ತವೆ.