ಗ್ರಂಥದ ಕೊನೆಯ ಪದಸೂಚಿ

ಪ್ರಶ್ನೆ: ಗ್ರಂಥಾಂತ್ಯದ ಪದಸೂಚಿಯನ್ನು ಯಾವಾಗ, ಹೇಗೆ ಸಿದ್ಧಪಡಿಸುತ್ತಾರೆ?

ಉತ್ತರ: ಕರಡಚ್ಚಿನ ಪುಟಗಳು ತಿದ್ದುಪಡಿಗೊಂಡು ಪುಟಸಂಖ್ಯೆಗಳು ಸ್ಥಿರಪಟ್ಟ ಬಳಿಕವಷ್ಟೇ ಸೂಚಿಯನ್ನು ಪೂರ್ಣಗೊಳಿಸಲು ಸಾಧ್ಯ, ಏಕೆಂದರೆ ಅನಂತರ ಒಂದು ಕಂಡಿಕೆ ಸೇರಿದರೂ ಮುಂದಿನ ಅಂಕಿಗಳೆಲ್ಲ ಪಲ್ಲಟಗೊಳ್ಳಬಹುದು. ಸೂಚಿಕಾರನು, ಆತ ಗ್ರಂಥಕರ್ತನೇ ಆಗಿರಲಿ ಬೇರೊಬ್ಬ ವಿದ್ವಾಂಸನಾಗಿರಲಿ, ಪುಟಪುಟವನ್ನೂ ಓದುತ್ತ, ಒಂದೊಂದು ಶೀರ್ಷಿಕೆಯನ್ನು ಒಂದೊಂದು ಚೀಟಿಯಲ್ಲಿ ಬರೆದು ಅಕಾರಾದಿಯಾಗಿ ಜೋಡಿಸುವುದು ಹಳೆಯ ಪದ್ಧತಿ. ಜೋಡಣೆಯನ್ನು ಈಗ ಗಣಕಯಂತ್ರವು ಮಾಡಬಲ್ಲುದಾದರೂ ಆಯ್ಕೆಯ ವಿವೇಕ ಮನುಷ್ಯನದೇ. ಉದಾಹರಣೆಗೆ, ಮಾಸ್ತಿ, ವೆಂಕಟೇಶ ಅಯ್ಯಂಗಾರ್, ‘ಶ್ರೀನಿವಾಸ’ ಎಂಬ ಮೂರು ಹೆಸರುಗಳೂ ಒಬ್ಬ ಸಾಹಿತಿಯವೇ ಎಂದರಿತು, ಒಂದೆಡೆ ಪುಟಗಳನ್ನೆಲ್ಲ ಕೊಟ್ಟು, ಉಳಿದೆಡೆ ‘ನೋಡಿ’ ಎಂದು ದಾರಿ ತೋರಬೇಕು. ಪ್ರಸಂಗವಶಾತ್ ಬಂದ ಉಲ್ಲೇಖವನ್ನು ಬಿಟ್ಟು ನಿಜವಾದ ಚರ್ಚೆಯನ್ನು ಹಿಡಿಯಬೇಕು. ಹೆಸರೇ ಬಾರದ ಪುಟದಲ್ಲಿಯೂ ವಿಷಯವನ್ನು ಗುರುತಿಸಬೇಕು. ಕನ್ನಡದಲ್ಲಿ ಇನ್ನೊಂದು ತೊಡಕುಂಟು: ಅನುಸ್ವಾರವುಳ್ಳ ಪದಗಳನ್ನು ವ್ಯಂಜನಗಳಿಗೆ ಮೊದಲು ಇಡಬೇಕೋ, ಆಯಾ ವರ್ಗದ ಅನುನಾಸಿಕದ ಸ್ಥಾನದಲ್ಲಿ ಇಡಬೇಕೋ ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ‘ಅಂಕ’ವನ್ನು ಅರಸುವವನು ಬಳಲುವನು. ಸೂಚಿಯಿಲ್ಲದ ಸಂಶೋಧನ ಗ್ರಂಥಗಳು ನಮ್ಮಲ್ಲಿ ಇನ್ನೂ ಹೊರಬರುತ್ತಿರುವುದು ಖೇದದ ಸಂಗತಿ. ಬಿಡುಗಡೆಯ ಅವಸರದಲ್ಲಿ ಮೊದಲು ಬಲಿಯಾಗುವುದು ಸೂಚಿಯೇ ಆದ್ದರಿಂದ, ಪ್ರಕಾಶಕರು ಇದಕ್ಕೆ ಬೇಕಾದ ಕಾಲಾವಕಾಶವನ್ನು ಆರಂಭದಲ್ಲಿಯೇ ಕಾದಿರಿಸಬೇಕು.